ಕೂಸಿಲ್ಲದ ಬಾಣಂತನ

1954ರಲ್ಲಿ ನನಗೆ ರಾಮದುರ್ಗ ತಾಲೂಕಿನ ಕಟಕೋಳಕ್ಕೆ ವರ್ಗವಾಯಿತು. ಅದಕ್ಕೂ ಮೊದಲು ಬೈಲಹೊಂಗಲದಲ್ಲಿ ನಾಲ್ಕು ವರ್ಷ ನರ್ಸ್ ಆಗಿದ್ದೆ. ಅಲ್ಲಿ ಇನ್ನಿಬ್ಬರು ನರ್ಸುಗಳು, ಒಬ್ಬ ಕಂಪೌಂಡರ್, ಜಗಳಕ್ಕೊಬ್ಬ ಕ್ಲಾರ್ಕ್, ಹೀಗೆ ಬಾಯಿಗೆ ಕೆಲಸವಿತ್ತು. ಕಟಕೋಳದಲ್ಲಿ ಹೆರಿಗೆ ಮಾಡಿಸಲು ಸರಕಾರದಿಂದ ಬಂದವಳು ನಾನೊಬ್ಬಳೇ. ಮುಂದೆ ಒಂದು ಕೆಲಸದ ಕೋಣೆ, ಹಿಂದೆ ವಾಸಕ್ಕೆ ಒಂದು ಕೋಣೆ, ಅಡುಗೆಮನೆ, ಮೇಲೆ ತಗಡು. ಡಾಕ್ಟರು ಬೇಕೆಂದರೆ ರಾಮದುರ್ಗಕ್ಕೆ ಹೋಗಬೇಕು.

ನಮ್ಮ ಮನೆ ಕಿತ್ತೂರಿನ ಹತ್ತಿರ ದೇಗಾಂವದಲ್ಲಿ. ಪೂಜೆ, ಪಾರಾಯಣದ ಮನೆತನ. ನನಗೆ ಗೊತ್ತಾಗಿದ್ದ ವರನ ಕಡೆಯವರು ನರ್ಸ್ ಕೆಲಸ ಬಿಡಬೇಕು ಎಂದರು. ನಾನು ವರನನ್ನು ಬಿಟ್ಟೆ. ಅಣ್ಣನಿಗೆ ಅದು ಕೊನೆಯವರೆಗೂ ನುಂಗಲಾರದ ತುತ್ತಾಯಿತು. ಬೆಳಗಾದರೆ ಹೆರಿಗೆ ಮನೆಯ ಮೈಲಿಗೆಯಲ್ಲಿ ಅಡ್ಡಾಡುವವಳು ಎಂದು ಹಬ್ಬಕ್ಕೆ ಹೋದರೂ ನನಗೆ ಪಡಸಾಲೆಯಲ್ಲಿ ಬೇರೆ ಎಲೆ ಹಾಕುತ್ತಿದ್ದರು. ಎರಡು ಹಬ್ಬ ಹಾಗೆ ಉಂಡೆ, ಮೂರನೆಯದಕ್ಕೆ ಹೋಗಲಿಲ್ಲ.

ಹೆರಿಗೆ ಮಾಡಿಸುವವಳಿಗೆ ಊರೆಲ್ಲ ಬಳಗ ಎಂದು ಜನ ಹೇಳುತ್ತಾರೆ. ಹಾಗೇನೂ ಇಲ್ಲ. ಕೂಸು ಅತ್ತ ಕೂಡಲೇ ಮನೆಯವರ ಮುಖವೆಲ್ಲ ಅದರ ಕಡೆ ತಿರುಗುತ್ತದೆ, ತಿರುಗಬೇಕಾದದ್ದೂ ಸರಿಯೇ. ನಾನು ಕೈ ತೊಳೆದು, ಪೆಟ್ಟಿಗೆ ಮುಚ್ಚಿ, ಕೊಟ್ಟ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಒಬ್ಬಳೇ ಮನೆಗೆ ಬರುತ್ತಿದ್ದೆ. ಅಕ್ಕಿ ಆರಿಸುವಾಗ ನನ್ನಷ್ಟಕ್ಕೆ ನಾನೇ ಮಾತಾಡುವ ಅಭ್ಯಾಸ ಬಿದ್ದದ್ದು ಕಟಕೋಳದಲ್ಲೇ. ಈಗಲೂ ಬಿಟ್ಟಿಲ್ಲ.

1955ರ ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಗ್ಗೆ ಗಂಗವ್ವ ಎಂಬ ಹೆಂಗಸು ನನ್ನನ್ನು ಕರೆಯಲು ಬಂದಳು. ಗಂಡ ಸತ್ತ ಮೇಲೆ ಕಮತವನ್ನೆಲ್ಲ ತಾನೇ ನಡೆಸುತ್ತಿದ್ದ ಗಟ್ಟಿ ಆಸಾಮಿ. ಒಬ್ಬನೇ ಮಗ ಬಸಪ್ಪ. ಅವನ ಹೆಂಡತಿ ನೀಲವ್ವನಿಗೆ ಏಳನೆಯ ತಿಂಗಳಲ್ಲೇ ಬೇನೆ ಬಂದಿತ್ತು. ನಾನು ಹೋಗುವಷ್ಟರಲ್ಲಿ ತಡೆಯುವ ಕಾಲ ಮೀರಿತ್ತು. ಗಂಡು ಕೂಸು. ತೂಗಿದರೆ ಮೂರು ಪೌಂಡೂ ಇಲ್ಲ. ಆಗ ನಾವು ದಿನ ತುಂಬದ ಕೂಸನ್ನು ತೂಕದ ಮೇಲೆ ಗುರುತಿಸುತ್ತಿದ್ದೆವು. ಐದೂವರೆ ಪೌಂಡಿಗಿಂತ ಕಡಿಮೆ ಇದ್ದರೆ ಅದು ಪ್ರಿಮೆಚ್ಯೂರ್. ಮೂರು ಪೌಂಡಿನ ಕೂಸಿಗೆ ಮೊಲೆ ಚೀಪುವ ಶಕ್ತಿಯೂ ಇರುವುದಿಲ್ಲ, ಮೈಯ ಕಾವು ಉಳಿಸಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ಹತ್ತಿಯಲ್ಲಿ ಸುತ್ತಿ, ಸುತ್ತಲೂ ಬಿಸಿನೀರಿನ ಬಾಟಲಿ ಇಟ್ಟು, ತಾಯಿಯ ಹಾಲನ್ನು ಡ್ರಾಪರಿನಿಂದ ಹನಿಹನಿಯಾಗಿ ಹಾಕಿದೆ. ಮರುದಿನ ಮಧ್ಯಾಹ್ನ ಅದರ ಉಸಿರು ನಿಂತಿತು.

ಅದು ನೀಲವ್ವನ ಮೂರನೆಯದು. ಮೊದಲಿನ ಎರಡೂ ಹೀಗೇ ಏಳನೆಯ ತಿಂಗಳಿಗೆ ಹುಟ್ಟಿ ಹೋಗಿದ್ದವು ಎಂದು ಗಂಗವ್ವ ಒಲೆಯ ಮುಂದೆ ಕುಳಿತು ಹೇಳಿದಳು. ಆಮೇಲೆ ಸೊಸೆಗೂ ಕೇಳುವ ಹಾಗೆ ಇನ್ನೊಂದು ಮಾತು ಸೇರಿಸಿದಳು.

"ಇನ್ನೊಂದ ಹಿಂಗಾತಂದ್ರ ಉಗರಗೋಳಕ್ಕ ಬಿಟ್ಟ ಬರತೇವ್ರಿ ಬಾಯಾರ. ನನಗಿರಾಂವ ಒಬ್ಬ ಮಗ."

ಉಗರಗೋಳ ನೀಲವ್ವನ ತವರು. ಎರಡನೆಯ ಮದುವೆಗೆ ಆಗ ಮುಂಬಯಿ ಸರಕಾರದ ಕಾಯದೆಯ ತಡೆ ಇತ್ತು. ಹೆಂಡತಿಯನ್ನು ತವರಿಗೆ ಬಿಟ್ಟು ಬರುವುದಕ್ಕೆ ಮಾತ್ರ ಯಾವ ಕಾಯದೆಯೂ ಅಡ್ಡ ಬರುತ್ತಿರಲಿಲ್ಲ. ಹತ್ತೊಂಬತ್ತು ವರ್ಷದ ಆ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಎರಡು ವಾರವಾಗಿರಬೇಕು, ಸುಗ್ಗಿಯ ದಿನಗಳು. ಹೊಲದ ದಾರಿಯಲ್ಲಿ ನೀಲವ್ವ ಎದುರಿಗೆ ಬಂದಳು. ತಲೆಯ ಮೇಲೆ ಜೋಳದ ಕಣಿಕೆಯ ಹೊರೆ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಕುಪ್ಪಸದ ಮುಂಭಾಗ ಹಾಲಿನಿಂದ ಒದ್ದೆಯಾಗಿತ್ತು. ನನಗೆ ಸಿಟ್ಟು ಬಂತು.

"ಇಷ್ಟ ಲಗೂ ಯಾಕ ಎದ್ದಿ? ನೀ ಬಾಣಂತಿ ಇದ್ದೀ, ನೆನಪದ ಇಲ್ಲೋ?"

ಅವಳು ಹೊರೆ ಇಳಿಸದೆ ಹೇಳಿದಳು. "ಯಾರ್ರಿ ಬಾಣಂತಿ, ಬಾಯಾರ? ಕೂಸಿದ್ದಾಕಿ ಬಾಣಂತಿ. ನಾ ಬರೇ ಸೊಸಿ."

ನಾನು ಆ ಹೊರೆ ಇಳಿಸಿ ಬದುವಿನ ಮೇಲೆ ಅವಳನ್ನು ಕೂರಿಸಿದೆ. ಕೇಳಿದ್ದಕ್ಕೆಲ್ಲ ಸಣ್ಣ ದನಿಯಲ್ಲಿ ಉತ್ತರ ಕೊಟ್ಟಳು. ಮೊದಲ ಹೆರಿಗೆ ತವರಲ್ಲೇ ಆಯಿತು. ಕೂಸು ಹೋದ ವಾರಕ್ಕೇ ಅವಳನ್ನು ಚಕ್ಕಡಿಯಲ್ಲಿ ಗಂಡನ ಮನೆಗೆ ತಂದು ಬಿಟ್ಟರು. ಮೂರು ತಿಂಗಳು ತುಂಬುವುದರೊಳಗೆ ಮತ್ತೆ ಬಸಿರು. ಎರಡನೆಯದು ಹೋದ ಮೇಲೂ ಹಾಗೇ. ನಡುವೆ ಚಳಿಜ್ವರ ಬಂದು ಹೋಗುತ್ತಿತ್ತು. ಬಾಣಂತಿಗೆ ತಿನ್ನಿಸುವ ಅಂಟಿನುಂಡಿ ಯಾರಾದರೂ ಕಟ್ಟಿಕೊಟ್ಟರೇ ಎಂದೆ. ಅವಳು ನನ್ನನ್ನು ನೋಡಿದ ರೀತಿಗೆ, ಇಂಥ ಪ್ರಶ್ನೆ ಕೇಳಬಾರದಿತ್ತು ಅನ್ನಿಸಿತು.

ಅವಳನ್ನು ರಾಮದುರ್ಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಬೆರಳಿನಿಂದ ರಕ್ತ ತೆಗೆದರು. ಹೀಮೊಗ್ಲೋಬಿನ್, ಅಂದರೆ ರಕ್ತಕ್ಕೆ ಕೆಂಪು ಕೊಡುವ ಅಂಶ, ಇರಬೇಕಾದದ್ದರ ಅರ್ಧದಷ್ಟಿತ್ತು. ಮಲೇರಿಯಾದಿಂದ ಗುಲ್ಮ ಬಾತು ಹೊಟ್ಟೆಯ ಎಡಗಡೆ ಕೈಗೆ ಸಿಗುತ್ತಿತ್ತು. ಅವಳನ್ನು ಹೊರಗೆ ಕೂರಿಸಿ ನನ್ನ ಜೊತೆ ಮಾತಾಡಿದರು.

"ಒಂದ ಕಾರಣ ಅಂತ ಹುಡಕಬ್ಯಾಡ್ರಿ ಸಿಸ್ಟರ್. ರಕ್ತ ಇಲ್ಲ, ಚಳಿಜ್ವರ ಅದ, ಹೊಟ್ಟ್ಯಾಗ ಹುಳ ಇರಬಹುದು. ವಯಸ್ಸು ಸಣ್ಣದು, ಹೊರೂ ಕೆಲಸ ಭಾಳ. ಇವೆಲ್ಲಾವಕ್ಕೂ ನಾ ಏನರೆ ಕೊಡಬಹುದು. ಆದ್ರ ಬಸರಿಗೂ ಬಸರಿಗೂ ನಡುವ ಒಂದೂವರಿ ವರ್ಷ ಬಿಡುವು ಬೇಕು ಆಕಿಗೆ. ಅದರ ಔಷಧ ನನ್ನ ಕಪಾಟಿನ್ಯಾಗ ಇಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತೇ ತಲೆಯಲ್ಲಿತ್ತು. ಕಪಾಟಿನಲ್ಲಿ ಇಲ್ಲದಿರಬಹುದು, ಆದರೆ ಆ ಔಷಧ ನಮ್ಮ ಮನೆಮನೆಯಲ್ಲೂ ಇದೆಯಲ್ಲ ಎನ್ನಿಸಿತು. ಕೂಸು ಉಳಿದರೆ ತಾಯಿ ಐದು ತಿಂಗಳು ತವರಿನಲ್ಲಿ. ಗಂಡ ದೂರ. ಎಣ್ಣೆ, ಬಿಸಿನೀರು, ತುಪ್ಪ, ಕೊಬ್ಬರಿ, ಅಂಟಿನುಂಡಿ, ಕೊಡ ಎತ್ತಬೇಡ, ಬಾಗಬೇಡ. ಮೊಲೆ ಕುಡಿಸುವುದರಿಂದಲೂ ಮುಂದಿನ ಬಸಿರು ತಡವಾಗುತ್ತದೆ. ಹಿರಿಯರು ಏನು ಯೋಚಿಸಿ ಮಾಡಿದರೋ, ಬಾಣಂತನ ಎಂದರೆ ಆ ಬಿಡುವೇ. ಆದರೆ ಅದನ್ನು ನಾವು ಕೊಡುವುದು ಕೂಸಿನ ತಾಯಿಗೆ. ಕೂಸು ಹೋದವಳಿಗೆ ಅದರಲ್ಲಿ ಒಂದೂ ಇಲ್ಲ. ಹೆತ್ತ ಮೈ ಎರಡೂ ಕಡೆ ಒಂದೇ, ರಕ್ತ ಹೋದದ್ದೂ ಅಷ್ಟೇ. ಯಾರಿಗೆ ಬಿಡುವು ಹೆಚ್ಚು ಬೇಕೋ ಅವಳನ್ನೇ ವಾರದೊಳಗೆ ಹೊಲಕ್ಕೂ ಗಂಡನ ಹಾಸಿಗೆಗೂ ಕಳಿಸುತ್ತಿದ್ದೆವು.

ಗಂಗವ್ವನಿಗೆ ಇದನ್ನು ಹೇಳಿದೆ. ಅವಳು ಕೇರುತ್ತಿದ್ದ ಮೊರ ಕೆಳಗಿಟ್ಟಳು.

"ತೊಟ್ಟಲಾ ಇಲ್ಲದ ಬಾಣಂತನಾ ಎಲ್ಲೆರೆ ಕಂಡೀರೇನ್ರಿ? ಊರ ಮಂದಿ ಬಾಯಿಗೆ ಅರವಿ ಹಿಡಕೊಂಡ ನಗತಾರ."

ತಾಯಿಯಾದರೂ ಒಪ್ಪಿಯಾಳು ಎಂದು ರವಿವಾರ ಸವದತ್ತಿಯ ಬಸ್ಸು ಹಿಡಿದು ಉಗರಗೋಳಕ್ಕೆ ಹೋದೆ. ನೀಲವ್ವನ ತಾಯಿ ಈರವ್ವ ಅಲ್ಲಿಯ ದೇವಿಯ ಗುಡ್ಡಕ್ಕೆ ಬರುವ ಭಕ್ತರಿಗೆ ಬಳೆ, ಭಂಡಾರ ಮಾರುವ ಅಂಗಡಿಯಲ್ಲಿ ಕುಳಿತಿದ್ದಳು. ಮಗಳ ಸುದ್ದಿ ತೆಗೆದ ಕೂಡಲೇ ಕಣ್ಣೊರೆಸಿಕೊಂಡಳು. ಆದರೆ ಬಾಣಂತನ ಎಂದೊಡನೆ ಹೆದರಿದಳು.

"ಖಾಲಿ ಬಾಣಂತನಾ ಮಾಡಬಾರದ್ರಿ ಬಾಯಾರ. ಹೋದ ಕೂಸಿಗೆ ಲೋಬಾನದ ವಾಸನಿ ಬಡದ್ರ ಅದು ಹೊಳ್ಳಿ ಅದ ಹೊಟ್ಟಿಗೆ ಬರತೈತಿ, ಮತ್ತ ಹಂಗ ಹೋಗತೈತಿ ಅಂತ ನಮ್ಮ ಅತ್ತಿ ಹೇಳತಿದ್ಳು. ನನ್ನ ಕೈಲೆ ನನ್ನ ಮಗಳಿಗೆ ಕೇಡ ಮಾಡಲೇನ್ರಿ?"

ಬೆಣ್ಣೆಯಂಥ ಹೆಂಗಸು, ಅವಳ ಜೊತೆ ವಾದ ಮಾಡಲು ನನಗೆ ಬಾಯಿ ಬರಲಿಲ್ಲ. ಹೊರಡುವಾಗ ನನ್ನ ಚೀಲದಲ್ಲಿ ಕೊಬ್ಬರಿ, ಉತ್ತತ್ತಿ, ಅಂಟು ಕಟ್ಟಿದ ಗಂಟೊಂದನ್ನು ತುರುಕಿದಳು. "ಇದು ಬಾಣಂತನದ್ದಲ್ಲರಿ. ಹಂಗ ಸುಮ್ನ ತಿನ್ನಾಕ," ಎಂದಳು.

ಅತ್ತೆಯ ಮನೆಯೂ ಒಲ್ಲೆ ಎಂದಿತು, ತವರೂ ಒಲ್ಲೆ ಎಂದಿತು. ಉಳಿದದ್ದು ನನ್ನ ತಗಡಿನ ಮನೆ. ಮರಳಿ ಗಂಗವ್ವನ ಹತ್ತಿರ ಹೋಗಿ, ಡಾಕ್ಟರ ಔಷಧ ಐದು ತಿಂಗಳು ನನ್ನ ಕಣ್ಣೆದುರಿಗೇ ಆಗಬೇಕು, ಸೊಸೆಯನ್ನು ನನ್ನಲ್ಲಿ ಬಿಡು ಎಂದೆ. ಅವಳು ಮೊರ ಎತ್ತಿಕೊಂಡು ಮತ್ತೆ ಕೇರತೊಡಗಿದಳು.

"ಔಷಧಾ ಅಂದ್ರ ಕಳಸತೇನಿ. ಬಾಣಂತನಾ ಅಂತ ಬಾಯಾಗ ತಗೀಬ್ಯಾಡ್ರಿ."

ಹೀಗೆ ನೀಲವ್ವ ಒಂದು ಟ್ರಂಕು, ಒಂದು ಕೌದಿ ಹಿಡಿದು ನನ್ನ ಮನೆಗೆ ಬಂದಳು. ಕಬ್ಬಿಣದ ಔಷಧ, ಮಲೇರಿಯಾದ ಗುಳಿಗೆ, ಹುಳದ ಔಷಧ ಕ್ರಮವಾಗಿ ಕೊಟ್ಟೆ. ಅಡುಗೆಯದೇ ಫಜೀತಿ. ಲಿಂಗವಂತರ ಹುಡುಗಿ ಬ್ರಾಹ್ಮಣರ ಕೈಯಡುಗೆ ಉಂಡಾಳೋ ಇಲ್ಲವೋ ಎಂದು ನಾನು, ತನ್ನ ರೊಟ್ಟಿಯ ಹೆಂಚು ನನ್ನ ಒಲೆಯ ಮೇಲೆ ಇಡಬಹುದೋ ಇಲ್ಲವೋ ಎಂದು ಅವಳು. ಮೊದಲು ಎರಡು ಒಲೆ ಹೂಡಿದೆವು. ಕಟ್ಟಿಗೆ ಸಾಲದೆ ಸ್ವಲ್ಪ ದಿನದಲ್ಲೇ ಒಂದಾಯಿತು. ದೇಗಾಂವದಲ್ಲಿ ಗೊತ್ತಾಗಿದ್ದರೆ ನನ್ನ ಎಲೆ ಪಡಸಾಲೆಯಿಂದ ಅಂಗಳಕ್ಕೆ ಇಳಿಯುತ್ತಿತ್ತು.

ಹೆರಿಗೆ ಮಾಡಿಸಿ ಗೊತ್ತಿದ್ದ ನನಗೆ ಬಾಣಂತನ ಮಾಡಿ ಗೊತ್ತಿರಲಿಲ್ಲ. ಎಣ್ಣೆ ಎಷ್ಟು ಬಿಸಿ ಇರಬೇಕು, ಅಂಟು ಎಷ್ಟು ಹುರಿಯಬೇಕು, ಹೊರಸಿನ ಕೆಳಗೆ ಕೆಂಡ ಎಲ್ಲಿ ಇಡಬೇಕು, ಎಲ್ಲವನ್ನೂ ಅವಳೇ ಹೇಳಿಕೊಟ್ಟಳು. ಅಕ್ಕನ ಬಾಣಂತನ ನೋಡಿ ಕಲಿತಿದ್ದಳಂತೆ. ತನ್ನ ಬಾಣಂತನವನ್ನು ತಾನೇ ಹೇಳಿ ಮಾಡಿಸಿಕೊಳ್ಳುವ ಹುಡುಗಿಯನ್ನು ನಾನು ಅದೊಂದೇ ಸಲ ಕಂಡದ್ದು.

ಮೊದಲ ದಿನ ನೀರು ಹಾಕಿ, ತಲೆಗೆ ಅರಿವೆ ಕಟ್ಟಿ, ಕೆಂಡದ ಮೇಲೆ ಲೋಬಾನ ಹಾಕಿದೆ. ಆ ಹೊಗೆಯ ಮೇಲೆ ಕೂಸನ್ನು ಹಿಡಿಯುವುದು ರೂಢಿ. ನೀಲವ್ವನ ಎರಡೂ ಕೈ ತಾವಾಗಿಯೇ ಮುಂದೆ ಬಂದು ಹೊಗೆಯ ಮೇಲೆ ನಿಂತವು. ಅವಳು ತನ್ನ ಬರಿಗೈ ನೋಡಿದಳು, ಕೌದಿಯೊಳಗೆ ಎಳೆದುಕೊಂಡಳು. ನಾನು ಕೊಡ ತರುವ ನೆಪ ಮಾಡಿ ಹೊರಗೆ ಹೋದೆ. ನನಗೆ ಅಳು ತಡೆಯಲಾಗಲಿಲ್ಲ.

ಬಾಣಂತಿ ಇರುವ ಮನೆಗೆ ಹೆಂಗಸರು ಸಾಲುಗಟ್ಟಿ ಬರುತ್ತಾರೆ, ಕೊಬ್ಬರಿ ಬೆಲ್ಲ ತರುತ್ತಾರೆ, ಕೂಸಿನ ಮೂಗು ಯಾರದು ಎಂದು ಜಗಳ ತೆಗೆಯುತ್ತಾರೆ. ನಮ್ಮ ಮನೆಗೆ ಯಾರೂ ಬರಲಿಲ್ಲ. ಔಷಧಕ್ಕೆ ಬಂದವರೂ ಮುಂದಿನ ಕೋಣೆಯಿಂದಲೇ ಹೋದರು, ಅಜವಾನದ ವಾಸನೆ ಬಂದರೆ ಸೆರಗು ಮೂಗಿಗೆ ಹಿಡಿದರು. ಮಧ್ಯಾಹ್ನ ತಗಡು ಕಾಯ್ದು ಟಿಕ್ ಟಿಕ್ ಎನ್ನುವಾಗ ಇಬ್ಬರೂ ಎರಡು ಗೋಡೆಗೆ ಒರಗಿ ಕುಳಿತಿರುತ್ತಿದ್ದೆವು. ಒಬ್ಬಳೇ ಇದ್ದಾಗಲೂ ನನಗೆ ಅಷ್ಟು ಒಂಟಿ ಎನ್ನಿಸಿರಲಿಲ್ಲ. ಅವಳ ಎದೆಯ ಹಾಲು ಪೂರ್ತಿ ಬತ್ತುವವರೆಗೆ ನಾವು ಮಕ್ಕಳ ಮಾತನ್ನೇ ಎತ್ತಲಿಲ್ಲ.

ಎರಡನೆಯ ತಿಂಗಳ ಒಂದು ಸಂತೆಯ ದಿನ ಗಂಗವ್ವ ಬಂದಳು. ಹತ್ತಿ ಬಿಡಿಸಲು ಆಳು ಸಾಲದು, ಸೊಸೆಯನ್ನು ಕರೆದೊಯ್ಯಬೇಕು ಎಂದು ಬಾಗಿಲಿನಿಂದಲೇ ಹೇಳುತ್ತ ಒಳಗೆ ಬಂದವಳು ಬಚ್ಚಲ ಹತ್ತಿರ ನಿಂತಳು. ನಾನು ನೀಲವ್ವನ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದೆ. ಈಗ ಜಗಳ ಆಗುತ್ತದೆ ಎಂದು ನಾನು ಟೊಂಕ ಕಟ್ಟಿದೆ. ಗಂಗವ್ವ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೀರೆ ಮೇಲಕ್ಕೆ ಸಿಕ್ಕಿಸಿದಳು.

"ಹಿಂಗ ಸವರಿದ್ರ ಸೊಂಟಾ ನಿಂದರತೈತೇನ್ರಿ? ದೇವರಿಗೆ ಗಂಧಾ ಹಚ್ಚಿದಂಗ ಹಚ್ಚಾಕ ಹತ್ತೀರಿ. ಸರೀರಿ ಇತ್ಲಾಗ."

ಎಣ್ಣೆಯ ಬಟ್ಟಲು ಕಸಿದುಕೊಂಡು ಸೊಸೆಯ ಬೆನ್ನು, ತೊಡೆ, ಪಾದ ಗಸಗಸ ತಿಕ್ಕಿದಳು. ನಾನು ಪಕ್ಕದಲ್ಲಿ ನಿಂತು ಕಲಿತೆ. ನೀಲವ್ವ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕುಳಿತಿದ್ದಳು. ನೀರು ಹಾಕಿದ ಮೇಲೆ ಗಂಗವ್ವ ಹತ್ತಿಯ ಮಾತು ಎತ್ತಲೇ ಇಲ್ಲ. ಅಂದಿನಿಂದ ಪ್ರತಿ ಸಂತೆಗೆ ಬಂದಳು. ಅದನ್ನು ಬಾಣಂತನ ಎಂದು ಒಂದು ದಿನವೂ ಕರೆಯಲಿಲ್ಲ.

ನಾಗರಪಂಚಮಿಯ ಹೊತ್ತಿಗೆ ನೀಲವ್ವನ ಕೆನ್ನೆಗೆ ಬಣ್ಣ ಬಂದಿತ್ತು, ಹೀಮೊಗ್ಲೋಬಿನ್ ಬಹಳಷ್ಟು ಏರಿತ್ತು. ಚಕ್ಕಡಿ ತಂದು ಕರೆದೊಯ್ದರು. ಆ ದಿನ ಅಭ್ಯಾಸಬಲದಿಂದ ಇಬ್ಬರಿಗೆ ಅಕ್ಕಿ ಇಟ್ಟೆ. ಅನ್ನ ಉಳಿಯಿತು, ಮರುದಿನವೂ ಅದನ್ನೇ ಉಂಡೆ.

ಮುಂದಿನ ಬಿಡುವಿನ ಹೊಣೆಯನ್ನು ಗಂಗವ್ವ ತಾನೇ ಹೊತ್ತಳು. ಡಾಕ್ಟರು ಹೇಳಿದ ಒಂದೂವರೆ ವರ್ಷದ ಲೆಕ್ಕ ಅವಳಿಗೆ ಎರಡೆರಡು ಸಲ ಬಿಡಿಸಿ ಹೇಳಿದ್ದೆ. ಮಗನ ಹಾಸಿಗೆಯನ್ನು ಹೊಲದ ಗುಡಿಸಲಿಗೆ ಸಾಗಿಸಿ, ಸೊಸೆಯನ್ನು ತನ್ನ ಪಕ್ಕ ಮಲಗಿಸಿಕೊಂಡಳು. ಬಸಪ್ಪ ಒಂದು ದಿನ ದವಾಖಾನೆಗೆ ಬಂದು ಕೆಮ್ಮಿಗೆ ಔಷಧ ಕೇಳಿದ. ಹೊಲದಲ್ಲಿ ಥಂಡಿ ಎಂದ. ಕೆಮ್ಮು ಎಳ್ಳಷ್ಟೂ ಇರಲಿಲ್ಲ. ಬಾಯಾರು ಅವ್ವನಿಗೆ ಹೇಳಿ ತನ್ನನ್ನು ಮನೆಯೊಳಗೆ ಸೇರಿಸಲಿ ಎಂದು ಬಂದಿದ್ದ. ಕಷಾಯ ಕೊಟ್ಟು ಕಳಿಸಿದೆ.

ನೀಲವ್ವ ಮತ್ತೆ ಬಸಿರಾದದ್ದು 1956ರ ಬೇಸಿಗೆಯಲ್ಲಿ, ಡಾಕ್ಟರ ಲೆಕ್ಕಕ್ಕೆ ಎರಡು ಮೂರು ತಿಂಗಳು ಮೊದಲೇ. ಮೊದಲ ತಿಂಗಳಿನಿಂದಲೇ ನೋಡುತ್ತ ಬಂದೆ. ಗಂಗವ್ವ ಕೊಡ ಮುಟ್ಟಗೊಡಲಿಲ್ಲ. ದೀಪಾವಳಿಯ ಮುಂದೆ ಏಳನೆಯ ತಿಂಗಳು ಬಿತ್ತು. ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದನ್ನೂ ಬಿಟ್ಟರು. ಒಂದು ದಿನ ಊಟದ ಹೊತ್ತಿಗೆ ಬಸಪ್ಪ ಓಡಿ ಬಂದ. ಸೊಂಟದಲ್ಲಿ ಹಿಂಡಿದ ಹಾಗೆ ನೋವು. ಹೋಗಿ ನೋಡಿದೆ. ನೋವು ಬಂದು ಬಂದು ಹೋಗುತ್ತಿತ್ತು, ಗರ್ಭದ ಬಾಯಿ ಇನ್ನೂ ತೆರೆದಿರಲಿಲ್ಲ. ಹೊರಸಿನ ಕಾಲಿನ ಕಡೆಗೆ ಇಟ್ಟಿಗೆ ಇಟ್ಟು ಎತ್ತರಿಸಿ ಮಲಗಿಸಿದೆ. ಆಗ ನಮ್ಮ ಕೈಯಲ್ಲಿದ್ದದ್ದು ಅಷ್ಟೇ, ಅದರಿಂದ ಎಷ್ಟು ಉಪಯೋಗ ಎಂದು ಈಗಿನ ಡಾಕ್ಟರುಗಳು ಕೇಳುತ್ತಾರೆ. ಹೊಟ್ಟೆಯ ಮೇಲೆ ಕೈ ಇಟ್ಟು ಕುಳಿತೆ. ಅವಳು ಒಂದೇ ಮಾತು ಕೇಳಿದಳು.

"ಇದೂ ಹೋಗತೈತೇನ್ರಿ ಬಾಯಾರ?"

ಗೊತ್ತಿಲ್ಲ ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ದನ ಮನೆಗೆ ಬರುವ ಹೊತ್ತಿಗೆ ನೋವು ಸಡಿಲಾಯಿತು, ನಿಂತೂ ಹೋಯಿತು. ಏಳನೆಯದು ಕಳೆಯಿತು, ಎಂಟು ಕಳೆಯಿತು. ಅಷ್ಟರಲ್ಲಿ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತ್ತು. ಆ ಸಂಭ್ರಮದ ಮೆರವಣಿಗೆ ನೋಡಲೂ ನಾನು ಊರು ಬಿಡಲಿಲ್ಲ. 1957ರ ಜನವರಿಯಲ್ಲಿ ದಿನ ತುಂಬಿ ಹೆಣ್ಣು ಹುಟ್ಟಿತು. ಆರು ಪೌಂಡಿಗೆ ಸ್ವಲ್ಪ ಕಡಿಮೆ. ಹುಟ್ಟಿದ ಕೂಡಲೇ ಕಿರುಚಿತು, ಒಂದು ಗಳಿಗೆಯಲ್ಲಿ ಮೊಲೆಗೆ ಬಾಯಿ ಹಾಕಿತು. ಗಂಡಾಗಲಿಲ್ಲ ಎಂದು ಆ ಮನೆಯಲ್ಲಿ ಯಾರೂ ಅನ್ನಲಿಲ್ಲ.

ಇದು ಐದು ತಿಂಗಳ ಎಣ್ಣೆನೀರಿನಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಕಬ್ಬಿಣದ ಔಷಧವಿತ್ತು, ಗುಳಿಗೆಯಿತ್ತು, ಆ ವರ್ಷ ಮನೆಮನೆಗೆ ಡಿ.ಡಿ.ಟಿ. ಹೊಡೆದಿದ್ದರು, ಹುಡುಗಿಗೆ ವಯಸ್ಸೂ ಎರಡು ಕೂಡಿತ್ತು. ಯಾವುದು ಎಷ್ಟು ಕೆಲಸ ಮಾಡಿತೋ ಯಾರು ಬಲ್ಲರು.

ಎಳೆಕೂಸನ್ನು ಚಕ್ಕಡಿಯಲ್ಲಿ ಉಗರಗೋಳದವರೆಗೆ ಒಯ್ಯಬೇಡಿ ಎಂದಿದ್ದರಿಂದ ಮೊದಲ ತಿಂಗಳ ಬಾಣಂತನ ಅತ್ತೆಯ ಮನೆಯಲ್ಲೇ ನಡೆಯಿತು. ಈರವ್ವ ಬಂದು ನಾಲ್ಕು ದಿನ ಇದ್ದು ಹೋಗಿದ್ದಳು. ಒಂದು ಬೆಳಗ್ಗೆ ಕೂಸನ್ನು ತೂಗಲು ಹೋದೆ. ಗಂಗವ್ವ ಸೊಸೆಗೆ ನೀರು ಹಾಕಿ ಮುಗಿಸಿದ್ದಳು. ನೀಲವ್ವ ತಲೆಗೆ ಅರಿವೆ ಕಟ್ಟಿಕೊಂಡು ಕೂಸಿನ ಜೊತೆ ಒಳಗೆ ಹೋದಳು. ನಾನೂ ಹೊರಡಲು ಎದ್ದೆ. ಗಂಗವ್ವ ಬಚ್ಚಲಿನ ಬಾಗಿಲಲ್ಲೇ ನಿಂತಿದ್ದಳು.

"ಹಂಡ್ಯಾಗ ನೀರ ಉಳದಾವ್ರಿ ಬಾಯಾರ. ನನಗೀಟ ಹಾಕತೀರೇನು?"

"ಮೈ ನೋಯಾಕ ಹತ್ಯದೇನು?"

"ಇಲ್ಲರಿ." ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿದಳು. "ಬಸಪ್ಪನಕಿಂತ ಮೊದಲ ನನ್ನೂ ಎರಡ ಹೋಗ್ಯಾವು. ಮೂರನೇ ದಿನಾ ಬೀಸೂ ಕಲ್ಲಿಗೆ ಕುಂತೆ. ಯಾರೂ ಏನೂ ಅನಲಿಲ್ಲ, ನಾನೂ ಏನೂ ಅನಲಿಲ್ಲ."

ನಾನು ಪೆಟ್ಟಿಗೆ ಕೆಳಗಿಟ್ಟೆ. ಬಾಗಿಲು ಮುಂದೆ ಮಾಡಿ, ಅವಳನ್ನು ಮಣೆಯ ಮೇಲೆ ಕೂರಿಸಿ ಎಣ್ಣೆ ಹಚ್ಚಿದೆ. ಐವತ್ತು ದಾಟಿದ, ಹೊರೆ ಹೊತ್ತು ಬಾಗಿದ ಬೆನ್ನು. ಗಂಧ ಹಚ್ಚಿದಂತಲ್ಲ, ಅವಳು ಕಲಿಸಿದ ಹಾಗೆ ಒತ್ತಿ ತಿಕ್ಕಿದೆ. ಮೊದಲ ತಂಬಿಗೆ ನೀರು ಹಾಕಿದಾಗ ಅವಳು, "ಇದು ದೊಡ್ಡಾಂವಂದು," ಎಂದಳು. ಎರಡನೆಯದಕ್ಕೆ, "ಇದು ಸಣ್ಣಾಕಿದು," ಎಂದಳು. ಹಂಡೆಯ ತಳ ಕಾಣುವವರೆಗೆ ನಾನು ನೀರು ಹಾಕುತ್ತಲೇ ಇದ್ದೆ.

ದಿನ ತುಂಬದ ಹೆರಿಗೆಗೆ ತಾಯಿಯಲ್ಲಿ ಏನೇನು ಕಾರಣ ಇರುತ್ತವೆ ಎಂದು ಈಗಿನ ಪುಸ್ತಕಗಳಲ್ಲಿ ಉದ್ದಕ್ಕೆ ಬರೆದಿರುತ್ತಾರೆ, ಎಲ್ಲವೂ ನಿಜ. ನಿವೃತ್ತಿಯಾಗುವವರೆಗೂ ನಾನು ಅವನ್ನೆಲ್ಲ ನೋಡುತ್ತಿದ್ದೆ. ಆದರೆ ಹಿಂದೆ ಕೂಸು ಕಳೆದುಕೊಂಡವಳು ನನ್ನ ಮುಂದೆ ಬಂದು ಕುಳಿತರೆ, ಆಗ ನಿನಗೆ ಯಾರು ನೀರು ಹಾಕಿದರು ಎಂದು ಮೊದಲು ಕೇಳುತ್ತಿದ್ದೆ. ಹೆಚ್ಚಿನವರು ಯಾರೂ ಹಾಕಲಿಲ್ಲ ಎನ್ನುತ್ತಿದ್ದರು. ಅಂಥವರ ರಕ್ತಪರೀಕ್ಷೆ ಆಮೇಲೆ. ಮೊದಲು ಒಲೆಯ ಮೇಲೆ ನೀರು ಇಡುತ್ತಿದ್ದೆ.